ಹೊಸ ತೊಡಕಿಗೆ ಮೊದಲೇ ಯುಗಾದಿಯ ಉಳಿಕೆ ಖಾಲಿ: ನನ್ನ ಅನುಭವ

ಯುಗಾದಿಯ ಮರುದಿನ ಹೊಸ ತೊಡಕು ಮಾಡುವ ಮನೆಗಳಲ್ಲಿ ಹೂರಣಕ್ಕೆ ಒಂದೇ ದಿನದ ಆಯುಸ್ಸು. ಬೆಳಗಿನ ಜಾವ ಮಾಂಸದಂಗಡಿಯ ಮುಂದೆ ಸಾಲು ಬೆಳೆಯುವ ಹೊತ್ತಿಗೆ ಹಿಂದಿನ ದಿನದ ಕೋಸಂಬರಿ, ಅಂಬೊಡೆ, ಮಾವಿನಕಾಯಿ ಚಿತ್ರಾನ್ನಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರಿನ ಶ್ರೀನಗರದ ನಮ್ಮ ಮನೆಗೆ ಹಬ್ಬದ ಊಟಕ್ಕೆ ಸುಮಾರು 25 ಮಂದಿ ಬರುತ್ತಾರೆ. ಎಲ್ಲಿ ಸಾಲದೇ ಹೋಗುತ್ತದೋ ಎಂಬ ಅಳುಕಿನಿಂದ ಅಡುಗೆ 35 ಮಂದಿಗೆ ಆಗುತ್ತದೆ. ಉಳಿದದ್ದು ಮರುದಿನ ಹಸಿ ಕಸದ ಬುಟ್ಟಿಗೆ ಹೋಗುವುದು ಬಹುಕಾಲದ ರೂಢಿಯಾಗಿತ್ತು. ಅದನ್ನು ಬದಲಿಸಲು ಹೊರಟಾಗ ಹಿರಿಯರು ‘ತಂಗಳನ್ನು ತಿರುವಿ ಹಾಕಿದರೆ ಹೊಸದಾಗಿಬಿಡುತ್ತದೆಯೇ’ ಎಂದು ನಕ್ಕರು, ಕಿರಿಯರು ಫೋನಿನಲ್ಲಿ ಬಿರಿಯಾನಿ ತರಿಸಿಕೊಂಡರು. ಕಳೆದೆರಡು ಯುಗಾದಿಗಳಿಂದ ಅವರೇ ಸಂಜೆಯ ಕಾಫಿಗೆ ಮೊದಲು ಪಡ್ಡಿನ ಕಾವಲಿ ಒಲೆಗೇರಿತೇ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯಬಹುದೆನ್ನಿಸಿದೆ.

ನನಗೆ ದಾರಿ ತೋರಿಸಿದ್ದು ಒಂದೇ ಅಭ್ಯಾಸ. ಉಳಿದ ಪಾತ್ರೆಗಳನ್ನು ‘ಇದು ಪಲ್ಯ, ಇದು ಸಾರು’ ಎಂದು ನೋಡದೆ, ಯಾವುದರಲ್ಲಿ ನೀರೆಷ್ಟಿದೆ, ಹಸಿ ಕಾಯಿತುರಿ ಎಷ್ಟಿದೆ ಎಂದು ನೋಡಿ, ಕೊನೆಯ ಪಂಕ್ತಿ ಎದ್ದ ಒಂದು ಗಂಟೆಯೊಳಗೆ ಬೇರ್ಪಡಿಸುತ್ತೇನೆ. ಕಾಯಿ ಬೆರೆತದ್ದು ಅದೇ ಸಂಜೆ ಮುಗಿಯಬೇಕು. ಹುಣಸೆ ಮತ್ತು ಎಣ್ಣೆಯ ಬಲವಿರುವ ಪುಳಿಯೋಗರೆಗೆ ಅವಸರವಿಲ್ಲ. ಬರಿಯ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಆರಿದ ಕೂಡಲೇ ಫ್ರಿಜ್‌ಗೆ ಸೇರಿಸುತ್ತೇನೆ. ಹೊರಗೇ ಬಿಟ್ಟ ಅನ್ನದಲ್ಲಿ ಹುಟ್ಟುವ ವಿಷವು ಮತ್ತೆ ಕುದಿಸಿದರೂ ಹೋಗುವುದಿಲ್ಲವಾದ್ದರಿಂದ, ಈ ಒಂದು ವಿಷಯದಲ್ಲಿ ಮನೆಯವರ ಯಾವ ವಾದವನ್ನೂ ನಾನು ಕೇಳುವುದಿಲ್ಲ.

ದೊಡ್ಡ ತಲೆನೋವೆಂದರೆ ಹೂರಣ. ಎರಡು ಕಿಲೋ ಕಡಲೆಬೇಳೆ ಹಾಕಿದರೆ, ಒಬ್ಬಟ್ಟಿನ ಹೊರಪದರದ ಕನಕ ಮುಗಿದ ಮೇಲೂ ಒಂದು ಕಿಲೋದಷ್ಟು ಹೂರಣ ಉಳಿಯುತ್ತದೆ. ಬೇಳೆ, ಬೆಲ್ಲ, ಏಲಕ್ಕಿ, ತೆಂಗಿನಕಾಯಿ ಸೇರಿ ಅದು ಹತ್ತಿರ ಹತ್ತಿರ 150 ರೂಪಾಯಿಯ ಪದಾರ್ಥ, ರುಬ್ಬಿದ ಶ್ರಮ ಬೇರೆ. ಎಲ್ಲರಿಗೂ ಹೊಳೆಯುವ ಉಪಾಯ ಸುಕ್ಕಿನುಂಡೆ, ನನಗೂ ಮೊದಲು ಹೊಳೆದದ್ದು ಅದೇ. ಬರಿಯ ಮೈದಾ ಹಿಟ್ಟಿನಲ್ಲಿ ಅದ್ದಿದಾಗ ಹೊದಿಕೆ ಚರ್ಮದಂತೆ ಜಗ್ಗಿತು. ದೋಸೆಹಿಟ್ಟಿಗೆ ಬದಲಾಯಿಸಿದಾಗ ರುಚಿ ಬಂತು, ಆದರೆ ಫ್ರಿಜ್‌ನಿಂದ ತೆಗೆದ ತಣ್ಣನೆಯ ಉಂಡೆಗಳು ಎಣ್ಣೆಯಲ್ಲಿ ಬಿರಿದು, ಬೆಲ್ಲ ಹೊರಬಂದು, ಬಾಣಲೆಯ ತುಂಬ ಕಪ್ಪು ನೊರೆ ಎದ್ದಿತು. ಆ ಎಣ್ಣೆ ಮತ್ತೊಂದಕ್ಕೆ ಬರಲಿಲ್ಲ. ಉಳಿಸಲು ಹೊರಟದ್ದು 150 ರೂಪಾಯಿಯ ಹೂರಣ, ಚೆಲ್ಲಿದ್ದು ಅಷ್ಟೇ ಬೆಲೆಯ ಎಣ್ಣೆ ಎಂಬ ಲೆಕ್ಕವನ್ನು ಮನೆಯವರು ಇಂದಿಗೂ ಎತ್ತಿ ಆಡುತ್ತಾರೆ.

ಗೆದ್ದದ್ದು ಪಡ್ಡಿನ ಕಾವಲಿಯಿಂದ. ಹೂರಣವನ್ನು ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪದೊಂದಿಗೆ, ಅಂಚು ಬಿಟ್ಟು ಮುದ್ದೆಯಾಗಿ ಉರುಳುವವರೆಗೆ ಬಾಡಿಸಬೇಕು. ಬೆರಳಿಗೆ ಅಂಟದೆ, ಒತ್ತಿದ ಗುರುತು ಹಾಗೆಯೇ ನಿಲ್ಲುವುದು ಅದರ ಹದ. ಆರಿದ ಮೇಲೆ ಸಣ್ಣ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಕಾವಲಿಯ ಗುಳಿಗೆ ಸ್ವಲ್ಪವೇ ದೋಸೆಹಿಟ್ಟು ಬಿಟ್ಟು, ತಳ ಹಿಡಿದ ಕೂಡಲೇ ಉಂಡೆಯನ್ನಿರಿಸಿ, ಮೇಲೆ ಮುಚ್ಚುವಷ್ಟು ಮಾತ್ರ ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಬೇಯಿಸುತ್ತೇನೆ. ತಿರುವಿ ಹಾಕುವಾಗ ಅಂಚಿನಿಂದ ಬೆಲ್ಲದ ಸಣ್ಣ ಗೆರೆ ಇಳಿದು ಕರಕಲಾದರೆ ಉರಿ ಹೆಚ್ಚಾಯಿತೆಂದೇ ಅರ್ಥ. ಗುಳಿಗೆ ಅರ್ಧ ಚಮಚದಂತೆ ತುಪ್ಪ ಬಿಟ್ಟರೂ 50 ಪಡ್ಡಿಗೆ ಬಾಣಲೆಯ ಎಣ್ಣೆಯ ಕಾಲು ಭಾಗದಷ್ಟೂ ಬೇಕಾಗುವುದಿಲ್ಲ. ಹಿಟ್ಟಿಗೆ ನಾನು ಬೆರೆಸುವ ಇನ್ನೊಂದು ಪುಡಿ ಹಾಗೂ ಅದರ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ, ನಾದಿನಿಗೇ ಹೇಳಿಕೊಟ್ಟಿಲ್ಲ.

ಒಬ್ಬಟ್ಟಿನ ಸಾರು ಮರುದಿನವೇ ಹೆಚ್ಚು ರುಚಿ ಎಂಬುದು ನಿಮಗೆಲ್ಲ ಗೊತ್ತಿರುವ ಮಾತು. ನಾನು ಅದರಲ್ಲಿ ಮಾಡುವುದಿಷ್ಟೇ: ಬೇಳೆಯ ಕಟ್ಟಿನ ಸ್ವಲ್ಪ ಭಾಗವನ್ನು ಒಗ್ಗರಣೆ ಹಾಕದೆ ಮೊದಲೇ ತೆಗೆದಿರಿಸಿ, ಸಂಜೆ ಅದರಿಂದ ಸಾರನ್ನು ತೆಳುವಾಗಿಸಿ ಕುದಿಸುತ್ತೇನೆ. ಗಟ್ಟಿಯಾದ ಅಂಬೊಡೆಗಳನ್ನು ಆ ಕುದಿಸಾರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಒಳಗಿನವರೆಗೂ ಸಾರು ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಬೇಳೆ ಬಿಟ್ಟುಕೊಂಡು ಗೊಜ್ಜಾಗುತ್ತದೆ.

ಕೋಸಂಬರಿಯ ಕಥೆ ಸುಲಭವಲ್ಲ. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುತ್ತದೆ. ಅದನ್ನು ಹಾಗೆಯೇ ರುಬ್ಬಿ ಮಾಡಿದ ದೋಸೆ ಕಾವಲಿಯಿಂದ ಏಳಲೇ ಇಲ್ಲ. ಒಗ್ಗರಣೆಯ ಸಾಸಿವೆ ಸೇರಿದ್ದರಿಂದ ಹಿಟ್ಟಿಗೆ ಕಹಿಯೂ ಬಂತು. ಈಗ ಹಬ್ಬದ ದಿನ ಕೋಸಂಬರಿಯ ಅರ್ಧಕ್ಕೆ ಮಾತ್ರ ಒಗ್ಗರಣೆ, ಉಪ್ಪು, ನಿಂಬೆರಸ ಹಾಕುತ್ತೇನೆ. ಬೇಕಾದಂತೆ ಮಿಕ್ಕ ಅರ್ಧಕ್ಕೂ ಬೆರೆಸಿದರಾಯಿತು. ಉಳಿದ ನೆನೆದ ಹೆಸರುಬೇಳೆಯನ್ನು ಶುಂಠಿ, ಹಸಿಮೆಣಸಿನಕಾಯಿಯೊಂದಿಗೆ ರುಬ್ಬಿ, ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿದರೆ ಗರಿಗರಿ ದೋಸೆಯಾಗುತ್ತದೆ. ಮಾವಿನಕಾಯಿ ಚಿತ್ರಾನ್ನಕ್ಕೂ ಅಕ್ಕಿಹಿಟ್ಟೇ ಗತಿ. ಕಡಲೇಕಾಯಿಬೀಜವನ್ನು ಆರಿಸಿ ಜಜ್ಜಿ, ಅನ್ನವನ್ನು ಅಂಗೈಯಲ್ಲಿ ಮಿದ್ದು, ಹಿಡಿಯುವಷ್ಟೇ ಹಿಟ್ಟು ಬೆರೆಸಿ ರೊಟ್ಟಿ ತಟ್ಟುತ್ತೇನೆ. ಮಾವಿನಕಾಯಿಯ ಹುಳಿ ಸುಟ್ಟ ಅಂಚಿನಲ್ಲಿ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ, ಚಟ್ನಿಯೂ ಬೇಕಿಲ್ಲ.

ಬರಿಯ ಅನ್ನದಿಂದ ಸಂಡಿಗೆ ಮಾಡುವುದು ಹಳೆಯ ದಾರಿ. ಯುಗಾದಿಯ ಬಿಸಿಲಿನಲ್ಲಿ ಮಹಡಿಯ ಮೇಲೆ ಎರಡು ಮೂರು ದಿನಕ್ಕೆ ಒಣಗುತ್ತದೆ. ಒಣಗಿದಂತೆ ಉಪ್ಪು ಬಿರುಸಾಗುವುದರಿಂದ ಹಸಿಯ ಹಿಟ್ಟು ಸಪ್ಪೆ ಎನ್ನಿಸುವಷ್ಟೇ ಇರಬೇಕು. ಇದೇ ಪ್ರಯೋಗವನ್ನು ಗಣೇಶನ ಹಬ್ಬದಲ್ಲೂ ಮಾಡಿ ನೋಡಿದೆ. ಬೆಂಗಳೂರಿನ ಮಳೆಮೋಡದ ಕೆಳಗೆ, ಫ್ಯಾನಿನ ಗಾಳಿಯಲ್ಲಿ ಮೂರನೆಯ ದಿನಕ್ಕೆ ಹುಳಿವಾಸನೆ ಬಂದು ತಟ್ಟೆ ತಟ್ಟೆಯೇ ಎಸೆಯಬೇಕಾಯಿತು. ಆ ಹಬ್ಬಕ್ಕೆ ಅನ್ನವನ್ನೇ ಕಡಿಮೆ ಮಾಡುವುದು ಲಾಭ.

ಹೊಸ ತೊಡಕಿನ ಮಟನ್ ಸಾರಿನ ಬಗ್ಗೆಯೂ ಒಂದು ಮಾತು. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬಿಳಿಯ ಕೊಬ್ಬಿನ ಹಾಳೆ ಕಟ್ಟಿರುತ್ತದೆ. ಅದನ್ನು ಎತ್ತಿ ತೆಗೆದು, ಅದರಲ್ಲೇ ಈರುಳ್ಳಿ ಕೆಂಪಗೆ ಹುರಿದು ಮತ್ತೆ ಸಾರಿಗೆ ಸೇರಿಸಿ ಇಡ್ಲಿಯೊಂದಿಗೆ ಬಡಿಸಿದಾಗ, ಮುದ್ದೆಯಲ್ಲದೆ ಬೇರೇನೂ ಸೇರದ ನಮ್ಮ ಮಾವ ಎರಡನೆಯ ಸಲ ತಟ್ಟೆ ಮುಂದೆ ಚಾಚಿದರು.

ನೆನಪಿನ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಹಬ್ಬದ ಎರಡು ದಿನಗಳಲ್ಲಿ 800ರಿಂದ 1,000 ರೂಪಾಯಿಯ ಅಡುಗೆ ಕಸಕ್ಕೆ ಹೋಗುತ್ತಿತ್ತು. ಈಗ 100 ರೂಪಾಯಿಯದ್ದೂ ಹೋಗುವುದಿಲ್ಲ. ಹೆಚ್ಚುವರಿ ಗ್ಯಾಸು, ತುಪ್ಪಕ್ಕೆಂದು 200 ರೂಪಾಯಿ ಕಳೆದರೂ ನಷ್ಟವಿಲ್ಲ. ಶಾವಿಗೆ ಪಾಯಸವೊಂದೇ ನನ್ನ ಕೈಗೆ ಸಿಗದೆ ಉಳಿದಿದೆ. ಅದು ಹಾಲನ್ನೆಲ್ಲ ಕುಡಿದು ಹಲ್ವದಂತೆ ಕೂರುತ್ತದೆ. ಅಚ್ಚಿಗೆ ಹಾಕಿ ಕುಲ್ಫಿ ಮಾಡಿದರೆ ಬಾಯಲ್ಲಿ ನೂಲು ಸಿಕ್ಕುತ್ತದೆ, ಸಕ್ಕರೆ ಹಾಕಿ ಬರ್ಫಿ ಮಾಡಲು ಹೋದರೆ ಅಂಟಾಗುತ್ತದೆ. ಈಗ ತಲೆಗೊಂದು ಸಣ್ಣ ಲೋಟದಂತೆ ಅಳೆದೇ ಹಾಲು ಕಾಯಿಸುತ್ತೇನೆ, ಎರಡನೆಯ ಲೋಟ ಕೇಳಿದವರಿಗೆ ಪಡ್ಡಿನ ತಟ್ಟೆ ಮುಂದಿಡುತ್ತೇನೆ.