ಶಿವಾಲಿಕ್‌ನ ಉರುಟು ಕಲ್ಲು ಯಾವ ಬೆಟ್ಟದ್ದು?

ಹಿಮಾಲಯದಿಂದ ಇಳಿದ ಹಳೆಯ ನದಿಗಳು ಬುಡದ ತಗ್ಗಿನಲ್ಲಿ ಸುರಿದ ಉರುಟು ಕಲ್ಲುಗಳು ಮರಳಿನೊಂದಿಗೆ ಬೆಸೆದು ಶಿವಾಲಿಕ್‌ನ ಕಾಂಗ್ಲೊಮರೇಟ್ ಆಗಿವೆ. ಅವುಗಳ ಮೂಲ ಹುಡುಕುವವರು ಎಡವುವುದು ಎಣಿಕೆಯಲ್ಲಿ ಮತ್ತು ವಾಲಿಕೆ ತಿದ್ದುವುದರಲ್ಲಿ.

ಮೊದಲು ಜಾಗ. ಡೆಹ್ರಾಡೂನ್ ಬಳಿಯ ಮೋಹಂಡ್‌ನಲ್ಲಿರುವಂಥ, ಪದರ ಸ್ಪಷ್ಟವಾಗಿ ಕಾಣುವ ದಂಡೆ ಆರಿಸಿ. ಹಳ್ಳದಲ್ಲಿ ಬಿದ್ದ ಬಿಡಿಗಲ್ಲು ಬೇಡವೇ ಬೇಡ.

ಎಣಿಕೆಗೆ 10 ಸೆಂ.ಮೀ. ಅಂತರದ ದಾರದ ಬಲೆ ಕಟ್ಟಿ, ಗಂಟಿನಡಿ ಸಿಕ್ಕ ಕಲ್ಲನ್ನಷ್ಟೇ ಬರೆದುಕೊಳ್ಳಿ. ಕನಿಷ್ಠ 100 ಕಲ್ಲು ಬೇಕು. ಕಲ್ಲುಗಳು ದೊಡ್ಡವಿದ್ದರೆ ಅಂತರ ಹೆಚ್ಚಿಸಿ, ಇಲ್ಲವಾದರೆ ಒಂದೇ ಕಲ್ಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಚೆಂದದ ಕಲ್ಲು ಆರಿಸುವ ಅಭ್ಯಾಸ ಬಿಡಿ. ಪ್ರತಿಯೊಂದನ್ನೂ ಒಡೆದು ಹೊಸ ಮುಖದ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಸುಣ್ಣಕಲ್ಲಾದರೆ ನೊರೆಯುತ್ತದೆ; ಒಡೆಯದೆ ಹಾಕಿದರೆ ಹೊರಮೈಯ ಸುಣ್ಣದ ಅಂಟೂ ನೊರೆಯುತ್ತದೆ. ಡಾಲಮೈಟ್ (ಮೆಗ್ನೀಸಿಯಮ್ ಬೆರೆತ ಸುಣ್ಣಕಲ್ಲು) ಪುಡಿ ಮಾಡಿದರಷ್ಟೇ ನೊರೆಯುವುದು. ಕ್ವಾರ್ಟ್ಜೈಟ್ (ಮರಳುಗಲ್ಲು ಬೆಂದು ಗಟ್ಟಿಯಾದ ಕಲ್ಲು) ಹೆಚ್ಚು ಸಿಕ್ಕಿತೆಂದು ಹಿಗ್ಗಬೇಡಿ: ಜೇಡಿಶಿಲೆ ದಾರಿಯಲ್ಲೇ ಪುಡಿಯಾಗುತ್ತದೆ, ಕ್ವಾರ್ಟ್ಜೈಟ್ ಹಳೆಯ ಕಾಂಗ್ಲೊಮರೇಟ್ ಸವೆದು ಮತ್ತೆ ಬಂದದ್ದೂ ಇರಬಹುದು. ಮುರಿದ ಅಂಚು ಮತ್ತೆ ಉರುಟಾಗಿದ್ದರೆ ಅಂಥದ್ದೆಂದು ಶಂಕಿಸಿ. ಕಾಂಗ್ರಾ ಕಡೆಯಾದರೆ ಧೌಲಾಧಾರ್ ಬೆಟ್ಟಸಾಲಿನ ಗ್ರಾನೈಟ್, ಡೂನ್ ಕಡೆಯಾದರೆ ಮಸ್ಸೂರಿಯ ಕ್ರೋಲ್ ಎಂಬ ಶಿಲಾಸ್ತರದ ಸುಣ್ಣಕಲ್ಲು, ಹೀಗೆ ವಿಳಾಸವಿರುವ ನಾಲ್ಕು ಕಲ್ಲು ನೂರು ಕ್ವಾರ್ಟ್ಜೈಟ್‌ಗಿಂತ ಮೇಲು.

ಇನ್ನು ಹರಿವಿನ ದಿಕ್ಕು. ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದಂತೆ ಒಂದಕ್ಕೊಂದು ಒರಗಿ, ನೀರು ಬಂದ ಕಡೆಗೆ ವಾಲಿರುತ್ತವೆ. ಒಂದೊಂದು ಜಾಗದಲ್ಲೂ ಮೂವತ್ತಾದರೂ ಅಳೆಯಿರಿ. ಮೊಬೈಲ್ ಆ್ಯಪ್ ಕಾರಿನ ಪಕ್ಕ, ಸುತ್ತಿಗೆಯ ಪಕ್ಕ ಸುಳ್ಳು ಹೇಳುತ್ತದೆ, ಕಂಪಾಸೇ ವಾಸಿ. ಆದರೆ ಪದರವೇ ಆಮೇಲೆ ವಾಲಿದೆಯಲ್ಲ! ಪದರ ಈಶಾನ್ಯಕ್ಕೆ 30 ಡಿಗ್ರಿ, ಕಲ್ಲು ಈಶಾನ್ಯಕ್ಕೇ 50 ಡಿಗ್ರಿ ಇದ್ದರೆ ಕಲ್ಲಿನ ನಿಜವಾದ ವಾಲಿಕೆ 20. ನೀರು ಈಶಾನ್ಯದಿಂದ ಬಂದಿದೆ. ಕಲ್ಲು 10 ಡಿಗ್ರಿಯಷ್ಟೇ ಇದ್ದರೆ? ತಿದ್ದಿದಾಗ ಅದು ನೈಋತ್ಯಕ್ಕೆ 20 ಡಿಗ್ರಿ, ಅಂದರೆ ಹರಿವು ಪೂರಾ ತಿರುವುಮುರುವು. ದಿಕ್ಕುಗಳು ಬೇರೆಬೇರೆಯಾದರೆ ಕಳೆಯುವ ಲೆಕ್ಕ ನಡೆಯದು, ಸ್ಟೀರಿಯೊನೆಟ್‌ನಲ್ಲೇ (ವಾಲಿಕೆ, ದಿಕ್ಕುಗಳನ್ನು ಗುರುತಿಸುವ ವೃತ್ತಾಕಾರದ ಬಲೆಚಿತ್ರ) ತಿರುಗಿಸಬೇಕು.

ಅಷ್ಟಾದರೂ ಅನುಮಾನವಿದ್ದರೆ ಕಲ್ಲುಗಳ ನಡುವಿನ ಮರಳಿನಲ್ಲಿರುವ ಜಿರ್ಕಾನ್ (ಹುಟ್ಟಿದ ವಯಸ್ಸು ಉಳಿಸಿಕೊಳ್ಳುವ ಗಟ್ಟಿ ಖನಿಜ) ಕಾಳುಗಳ ವಯಸ್ಸು ಪರೀಕ್ಷೆ ಮಾಡಿಸಿ. ಶೇ 5ರಷ್ಟಿರುವ ಯಾವ ವಯಸ್ಸಿನ ಗುಂಪೂ ತಪ್ಪಿಹೋಗಿಲ್ಲವೆಂದು ಶೇ 95 ಭರವಸೆ ಬೇಕಿದ್ದರೆ 117 ಕಾಳು ಬೇಕು. 180 ಕೋಟಿ ವರ್ಷದ ಸುತ್ತಿನವೇ ಬಂದರೆ ಮೂಲ ಒಳ ಲೆಸ್ಸರ್ ಹಿಮಾಲಯ (ಹಿಮಾಲಯದ ನಡುಸಾಲಿನ ಒಳಭಾಗ). 50ರಿಂದ 100 ಕೋಟಿಯವೂ ಬೆರೆತಿದ್ದರೆ ಎತ್ತರದ ಸಾಲಾದ ಗ್ರೇಟರ್ ಹಿಮಾಲಯವೋ ಹೊರ ಲೆಸ್ಸರ್ ಹಿಮಾಲಯವೋ ವಯಸ್ಸೊಂದೇ ಹೇಳದು. ಅದೇ ಮರಳಿನಲ್ಲಿ ಕಯನೈಟ್ (ಹೆಚ್ಚು ಒತ್ತಡದಲ್ಲಿ ಮಾರ್ಪಟ್ಟ ಕಲ್ಲಿನಲ್ಲಿ ಹುಟ್ಟುವ ಖನಿಜ) ಸಿಕ್ಕರೆ ಗ್ರೇಟರ್ ಹಿಮಾಲಯದ ಕಡೆಗೇ ಒಲವು.