ಮಾರ್ಚ್ 31ರ ಮೊದಲು: ಪಾಲಿಸಿಗೆ ಸಹಿ ಆಮೇಲೆ, ಲೆಕ್ಕ ಮೊದಲು

ಫೆಬ್ರುವರಿ ಮುಗಿಯುತ್ತಿದ್ದ ಹಾಗೆ ಫೋನ್ ಶುರು. ‘ಸರ್, ಟ್ಯಾಕ್ಸ್ ಉಳಿಸ್ಬೇಕಾ? ಒಂದು ಪಾಲಿಸಿ ಮಾಡಿಸಿಬಿಡಿ.’ ಹೂಂ ಅನ್ನುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೀವು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿದ್ದರೆ (ದರ ಕಡಿಮೆ, ಆದರೆ ಹೆಚ್ಚಿನ ವಿನಾಯಿತಿಗಳಿಲ್ಲ) ಆ ಪಾಲಿಸಿಯಿಂದ ಒಂದು ರೂಪಾಯಿ ತೆರಿಗೆಯೂ ಉಳಿಯುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಹಳೆಯದೋ ಹೊಸದೋ ಎಂದು ತೀರ್ಮಾನಿಸುವುದು. 2025–26ರಲ್ಲಿ ನೀವು ಏನೂ ಹೇಳದಿದ್ದರೆ ಹೊಸದೇ ಲೆಕ್ಕ. ಸಂಬಳ 12.75 ಲಕ್ಷದವರೆಗಿದ್ದು, ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯೇ ಇಲ್ಲ. ಅಂಥವರು ಮುಂದಿನದನ್ನು ಓದದೆ ಪುಟ ತಿರುಗಿಸಬಹುದು.

ಸಂಬಳ 14 ಲಕ್ಷ ಎಂದಿಟ್ಟುಕೊಳ್ಳಿ. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) ಕಳೆದು, ತೆರಿಗೆಯ ಮೇಲಿನ ಸೆಸ್ ಸೇರಿಸಿದರೆ ತೆರಿಗೆ 81,900. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ (ಪಿಎಫ್, ವಿಮೆಯಂಥ ಉಳಿತಾಯಕ್ಕೆ ಸಿಗುವ ಕಡಿತ) ಪೂರ್ತಿ 1.5 ಲಕ್ಷ, ಆರೋಗ್ಯ ವಿಮೆ 25,000 ಎಲ್ಲ ಕಳೆದ ಮೇಲೂ 1,71,600! ಇದರ ಮೇಲೆ ಮನೆ ಸಾಲದ ಬಡ್ಡಿ 2 ಲಕ್ಷ, ಪಿಂಚಣಿ ಯೋಜನೆ ಎನ್‌ಪಿಎಸ್ 50,000, ವಯಸ್ಸಾದ ಅಪ್ಪ ಅಮ್ಮನ ವಿಮೆ 50,000 ಸೇರಿಸಿದರೂ ಹೊಸದೇ ಅಗ್ಗ. ಇನ್ನೂ 45,000ದಷ್ಟು ಕಳೆಯುವಂಥದ್ದು ಸಿಕ್ಕರೆ ಮಾತ್ರ ಹಳೆಯದು ಗೆಲ್ಲುತ್ತದೆ. ಆ ಕೊರತೆ ತುಂಬುವುದು ಹೆಚ್ಚಾಗಿ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ. ಅಂದಹಾಗೆ, 2025–26ರ ಎಚ್‌ಆರ್‌ಎ ಲೆಕ್ಕಕ್ಕೆ ಬೆಂಗಳೂರು ಮಹಾನಗರವಲ್ಲ. ಬಾಡಿಗೆ ಮಾತ್ರ ಮುಂಬೈ ರೇಟು. ಹಾಗಾಗಿ ವಿನಾಯಿತಿ ಮೂಲ ವೇತನದ 40 ಪರ್ಸೆಂಟ್ ದಾಟುವ ಹಾಗಿಲ್ಲ.

ಹಳೆಯದೇ ಲಾಭ ಎಂದಾದರೆ 80ಸಿಯಲ್ಲಿ ಈಗಾಗಲೇ ಎಷ್ಟು ತುಂಬಿದೆ ನೋಡಿ. ಪಿಎಫ್, ಮಕ್ಕಳ ಟ್ಯೂಷನ್ ಫೀ, ಮನೆ ಸಾಲದ ಅಸಲು ಎಲ್ಲ ಅಲ್ಲೇ ಬರುತ್ತದೆ. ಉಳಿದದ್ದಕ್ಕೆ ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್ ಸಾಕು. ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕಟ್ಟಬೇಡಿ, ವಿನಾಯಿತಿ ಸಿಗುವುದಿಲ್ಲ.

ಷೇರು, ಈಕ್ವಿಟಿ ಮ್ಯೂಚುವಲ್ ಫಂಡ್ ಇದ್ದವರಿಗೆ ಎರಡೂ ಪದ್ಧತಿಯಲ್ಲಿ ಒಂದು ದಾರಿಯಿದೆ. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರ ಲಾಭದಲ್ಲಿ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಅಷ್ಟು ಲಾಭ ಬರುವಷ್ಟು ಮಾರಿ, ಮತ್ತೆ ಕೊಂಡುಬಿಡಿ. ಮುಂದಿನ ಲಾಭ ಹೊಸ ಬೆಲೆಯಿಂದಲೇ ಲೆಕ್ಕ. ಈ ಮಿತಿ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಕೊನೇ ದಿನಕ್ಕೆ ಕಾಯಬೇಡಿ.

ಇನ್ನು ಅಂಗಡಿ, ಸಣ್ಣ ಉದ್ಯಮದವರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿದರು, ನೆನಪಿದೆ ಅಲ್ವಾ? ಆದಾಯ ತೆರಿಗೆಯಲ್ಲಿ ಲೆಕ್ಕ ಉಲ್ಟಾ, ಯುಪಿಐಯಲ್ಲಿ ಬಂದರೇ ತೆರಿಗೆ ಕಡಿಮೆ. ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಪ್ರಕಾರ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವವರಿಗೆ ನಗದಿನ ಮೇಲೆ 8 ಪರ್ಸೆಂಟ್, ಬ್ಯಾಂಕು ಅಥವಾ ಯುಪಿಐಯಲ್ಲಿ ಬಂದದ್ದಕ್ಕೆ 6. ವಹಿವಾಟು 60 ಲಕ್ಷ ಇದ್ದರೆ ಪೂರ್ತಿ ನಗದಿಗೆ ಲಾಭ 4.8 ಲಕ್ಷ, ಪೂರ್ತಿ ಯುಪಿಐಗೆ 3.6 ಲಕ್ಷ. ಮಾರ್ಚ್‌ನಲ್ಲಿ ಉದ್ರಿ ಕೊಟ್ಟ ಮಾಲಿನ ದುಡ್ಡು ರಿಟರ್ನ್ಸ್ ಗಡುವಿನೊಳಗೆ ಖಾತೆಗೆ ಬಂದರೂ 6ರ ಲೆಕ್ಕವೇ.

ಪುಸ್ತಕ ಬರೆದು ಪೂರ್ತಿ ಲೆಕ್ಕ ಇಡುವವರು ಬಾಕಿ ಬಿಲ್ಲುಗಳನ್ನು ಹರಡಿಕೊಂಡು ಕೂರಬೇಕು. ಪೀಣ್ಯದ ಯಾವುದೋ ಸಣ್ಣ ಕಾರ್ಖಾನೆಯಿಂದ ಮಾಲು ತಂದಿದ್ದೀರಿ, ಅವರ ಹತ್ತಿರ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಇದೆ ಎನ್ನಿ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಫೆಬ್ರುವರಿ 1ಕ್ಕೆ ಒಪ್ಪಂದವಿಲ್ಲದೆ ತಂದ ಮಾಲಿನ ಬಿಲ್ಲು ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ಖರ್ಚು ಈ ವರ್ಷ ಸಿಗುವುದಿಲ್ಲ. ಅಷ್ಟೂ ಲಾಭ ಎಂದೇ ತೆರಿಗೆ ಬೀಳುತ್ತದೆ. ಮಾರ್ಚ್ 25ರದ್ದಾದರೆ ಏಪ್ರಿಲ್ 9ರವರೆಗೆ ಸಮಯವಿದೆ. ಅದಕ್ಕೇ ಹಳೇ ಬಿಲ್ಲು ಮೊದಲು ತೀರಿಸಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೂ ಆ ಖರ್ಚು ಹೋಯಿತೆಂದೇ ಲೆಕ್ಕ. ಸುಮ್ನೆ ಬ್ಯಾಂಕಿನಲ್ಲೇ ಕಳಿಸಿ.

ವರ್ಷ ಮುಗಿಯುವ ಮೊದಲೇ ಕಟ್ಟುವ ಮುಂಗಡ ತೆರಿಗೆಯ ಕೊನೇ ಕಂತು ಮಾರ್ಚ್ 15ಕ್ಕೆ. 44ಎಡಿಯವರಿಗೆ ಇದೊಂದೇ ಕಂತು, ಪೂರ್ತಿ ಅವತ್ತೇ. ತಪ್ಪಿಹೋದರೆ 31ರೊಳಗಾದರೂ ಕಟ್ಟಿ. ಅದನ್ನೂ ಮುಂಗಡ ಎಂದೇ ಪರಿಗಣಿಸುತ್ತಾರೆ, ಸ್ವಲ್ಪ ಬಡ್ಡಿ ಬೀಳುತ್ತದೆ ಅಷ್ಟೇ.