ಬೆಕ್ಕಿನ ಮರಿಯ ಮೊದಲ ಕ್ಯಾಟ್ ಶೋ: ಮನೆಯಲ್ಲೇ ಮಾಡಬೇಕಾದ ತಯಾರಿ

ಮೊದಲ ಸಲ ಶೋಗೆ ಹೆಸರು ಕೊಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಶಾಂಪೂ ತಗೊಳ್ಳಲಿ ಅಂತ. ಶಾಂಪೂ ಬೇಕು, ಅದರ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ಅದಕ್ಕಿಂತ ತಿಂಗಳುಗಳ ಮೊದಲೇ ಶುರು ಮಾಡಬೇಕಾದ ಕೆಲಸ ಒಂದಿದೆ. ಗುರುತಿಲ್ಲದ ಕೈ ಬಂದು ಎತ್ತಿದರೂ, ಬಾಲ ಸವರಿದರೂ, ಗಲ್ಲ ಹಿಡಿದು ಮುಖ ತಿರುಗಿಸಿದರೂ ಮರಿ ಹೆದರಬಾರದು. ಆ ಅಭ್ಯಾಸ ಇಲ್ಲದ ಮರಿಗೆ ಎಷ್ಟು ಚೆನ್ನಾಗಿ ಸ್ನಾನ ಮಾಡಿಸಿದರೂ ಜಡ್ಜ್ ಮುಂದೆ ಅದರ ಅಂದ ಕಾಣುವುದೇ ಇಲ್ಲ.

ಇಲ್ಲಿ ಪರ್ಷಿಯನ್ ಮರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಜಾಸ್ತಿ ಜನ ಸಾಕುವ ತಳಿ ಅದು, ತಯಾರಿ ಜಾಸ್ತಿ ಬೇಡುವುದೂ ಅದೇ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಶನ್, ಅಂದರೆ ಸಿಎಫ್‌ಎ, ಪರ್ಷಿಯನ್‌ಗೆ 100 ಅಂಕಗಳನ್ನು ಹೇಗೆ ಹಂಚಿದೆ ನೋಡಿ. ತಲೆಗೆ 30, ಮೈಕಟ್ಟಿಗೆ 20, ಮೈಬಣ್ಣಕ್ಕೆ 20, ಕಣ್ಣಿನ ಬಣ್ಣಕ್ಕೆ 10, ಕೂದಲಿಗೆ 10, ಉಳಿದ 10 ಅಂಕ ಒಟ್ಟಾರೆ ಹೊಂದಾಣಿಕೆಗೆ ಮತ್ತು ನಯಕ್ಕೆ. ಕೂದಲಿಗೆ ನೇರವಾಗಿ ಸಿಗುವುದು ಹತ್ತೇ ಅಂಕ! ತಲೆಬುರುಡೆಯ ದುಂಡಗಿನ ಆಕಾರ, ಎದೆಯ ಅಗಲ, ಗಿಡ್ಡ ಕಾಲುಗಳ ಗಟ್ಟಿತನ, ಇವನ್ನೆಲ್ಲ ಜಡ್ಜ್ ಕೈಯಿಂದ ಮುಟ್ಟಿ ನೋಡುತ್ತಾರೆ. ಮರಿ ಮುದುಡಿಕೊಂಡು ಕಿವಿ ಹಿಂದಕ್ಕೆ ಒತ್ತಿ ಕೂತರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಮೊದಲು ಕಾಗದಪತ್ರ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಈಗ ಹೊರದೇಶದ ಜಡ್ಜ್‌ಗಳನ್ನು ಕರೆಸಿ ಶೋ ನಡೆಸುತ್ತಾರೆ. ಯಾವ ಸಂಸ್ಥೆಯ ನಿಯಮದ ಮೇಲೆ ಶೋ ನಡೆಯುತ್ತಿದೆ ಅಂತ ಮೊದಲೇ ತಿಳಿದುಕೊಂಡು ಆ ನಿಯಮಗಳನ್ನು ಓದಿ, ಯಾಕೆಂದರೆ ವಯಸ್ಸಿನ ಗುಂಪು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ. ಸಿಎಫ್‌ಎ ಮತ್ತು ಟಿಕಾ (ದಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಶನ್ ಅನ್ನುವ ಇನ್ನೊಂದು ಸಂಸ್ಥೆ) ಎರಡರಲ್ಲೂ 4 ತಿಂಗಳು ತುಂಬಿ 8 ತಿಂಗಳು ಆಗದ ಮರಿ ಕಿಟನ್ ಗುಂಪಿಗೆ ಸೇರುತ್ತದೆ, 4 ತಿಂಗಳು ತುಂಬುವ ಮೊದಲು ಸ್ಪರ್ಧೆಗೆ ಬಿಡುವುದಿಲ್ಲ. ಲೆಕ್ಕಕ್ಕೆ ಬರುವುದು ಶೋ ದಿನದ ವಯಸ್ಸು, ಫಾರ್ಮ್ ತುಂಬಿದ ದಿನದ್ದಲ್ಲ.

ಇನ್ನು ವಂಶಾವಳಿ ಪತ್ರ. 'ಪ್ಯೂರ್ ಬ್ರೀಡ್, ಪಂಚ್ ಫೇಸ್' ಅಂತ ಹೇಳಿ ಸಾವಿರಾರು ರೂಪಾಯಿ ತಗೊಂಡು, ಕೈಗೆ ಒಂದು ಕಾಗದವನ್ನೂ ಕೊಡದ ಮಾರಾಟಗಾರರು ತುಂಬಾ ಜನ ಇದ್ದಾರೆ. ಮುಖ ಚಪ್ಪಟೆ ಇದ್ದ ಮಾತ್ರಕ್ಕೆ ಪೆಡಿಗ್ರಿ ಬಂದುಬಿಡುವುದಿಲ್ಲ. ಮರಿಯ ತಂದೆತಾಯಿ, ಅಜ್ಜ ಅಜ್ಜಿಯರ ಹೆಸರು, ನೋಂದಣಿ ಸಂಖ್ಯೆ ಇರುವ ಪತ್ರ ನಿಮ್ಮ ಹತ್ತಿರ ಇರಬೇಕು. ಅದನ್ನು ಕೇಳುವಾಗ ತಂದೆತಾಯಿಗೆ ಪಿಕೆಡಿ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ. ಪರ್ಷಿಯನ್ ವಂಶದಲ್ಲಿ ಬರುವ ಮೂತ್ರಪಿಂಡದ ಕಾಯಿಲೆ ಅದು. ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು, ಮರಿಗೆ ತಗಲುತ್ತದೆ. ಪತ್ರ ಇಲ್ಲವೇ? ಬೇಜಾರು ಬೇಡ. ಬಹುತೇಕ ಶೋಗಳಲ್ಲಿ ಹೌಸ್‌ಹೋಲ್ಡ್ ಪೆಟ್ ಅನ್ನುವ ವಿಭಾಗ ಇರುತ್ತದೆ. ಅಲ್ಲಿ ತಳಿಯ ಅಳತೆಗೋಲು ಇಲ್ಲ. ಆರೋಗ್ಯ, ಅಂದ, ಸ್ವಭಾವ ನೋಡುತ್ತಾರೆ. ಮೊದಲ ಅನುಭವಕ್ಕೆ ಅದು ನಿಜಕ್ಕೂ ಒಳ್ಳೆಯ ಜಾಗ.

ಲಸಿಕೆಯಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನೂರಾರು ಬೆಕ್ಕು ಒಂದೇ ಹಾಲ್‌ನಲ್ಲಿ ಉಸಿರಾಡುತ್ತಿರುತ್ತವೆ. ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ, ಈ ಮೂರು ವೈರಸ್ ಕಾಯಿಲೆಗಳಿಗೆ ಒಟ್ಟಿಗೆ ಕೊಡುವ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ ಮುಂದುವರಿದು, 16 ವಾರ ಆಗುವವರೆಗೂ ನಡೆಯಬೇಕು. ರೇಬೀಸ್ ಚುಚ್ಚುಮದ್ದು 12 ವಾರದ ನಂತರ. ಕೊನೆಯ ಚುಚ್ಚುಮದ್ದು ಮತ್ತು ಶೋ ನಡುವೆ ಎರಡು ಮೂರು ವಾರವಾದರೂ ಇರಲಿ, ಹಿಂದಿನ ವಾರ ಓಡಿಹೋಗಿ ಹಾಕಿಸಿದರೆ ದೇಹಕ್ಕೆ ರಕ್ಷಣೆ ಬೆಳೆಸಿಕೊಳ್ಳಲು ಸಮಯ ಸಿಗುವುದಿಲ್ಲ. ಜಂತುಹುಳದ ಔಷಧ, ಚಿಗಟದ ಔಷಧ ಎರಡೂ ಆಗಿರಬೇಕು. ಚಿಗಟಕ್ಕೆ ನಾಯಿಯ ಔಷಧ ಹಾಕಲೇಬೇಡಿ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಜೀವಕ್ಕೇ ಅಪಾಯ. ಮೈಮೇಲೆ ಎಲ್ಲಾದರೂ ದುಂಡಗೆ ಕೂದಲು ಉದುರಿದೆಯಾ ಅಂತ ಬೆಳಕಿನಲ್ಲಿ ನೋಡಿ. ಅದು ಹುಳುಕಡ್ಡಿ ಇರಬಹುದು. ಉದ್ದ ಕೂದಲಿನ ಮರಿಗಳಿಗೆ ಬೇಗ ಹತ್ತುತ್ತದೆ, ಮನುಷ್ಯರಿಗೂ ಅಂಟುತ್ತದೆ. ಅಂಥ ಅನುಮಾನ ಇರುವ ಮರಿಯನ್ನು ಶೋಗೆ ಒಯ್ಯುವಂತಿಲ್ಲ. ಬಾಗಿಲಲ್ಲೇ ವೆಟ್ ಪರೀಕ್ಷೆ ಇದ್ದರೆ ಅಲ್ಲಿಂದಲೇ ವಾಪಸ್ ಕಳಿಸುತ್ತಾರೆ, ಕಳಿಸಲೂಬೇಕು.

ಈಗ ಮುಖ್ಯ ಕೆಲಸಕ್ಕೆ ಬರೋಣ. ಮರಿ ಮನೆಗೆ ಬಂದು ನಿಮ್ಮ ಜೊತೆ ಹೊಂದಿಕೊಂಡ ಕೂಡಲೇ ದಿನಕ್ಕೆ ಒಂದೆರಡು ಸಲ, ಐದೈದು ನಿಮಿಷ ಶುರು ಮಾಡಿ. ಹಾಲ್‌ನಲ್ಲಿ ಒಂದು ಗಟ್ಟಿ ಟೇಬಲ್ ಇರಲಿ, ಜಾರದ ಹಾಗೆ ಮೇಲೊಂದು ಟವೆಲ್ ಹಾಸಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತಿ, ನಾಲ್ಕು ಕಾಲೂ ಊರುವಂತೆ ಟೇಬಲ್ ಮೇಲೆ ನಿಲ್ಲಿಸಿ. ಬೆನ್ನಿನಿಂದ ಬಾಲದ ತುದಿವರೆಗೂ ಬೆರಳು ಓಡಿಸಿ, ಬಾಲದಲ್ಲಿ ಗಂಟು ಇದೆಯಾ ಅಂತ ಜಡ್ಜ್ ಹಾಗೇ ನೋಡುತ್ತಾರೆ. ಕಿವಿ ಮುಟ್ಟಿ, ಗಲ್ಲ ಎತ್ತಿ, ತುಟಿ ಸ್ವಲ್ಪ ಸರಿಸಿ ಹಲ್ಲು ನೋಡಿ, ಪಾದ ಹಿಡಿದು ಉಗುರು ಒತ್ತಿ. ಗಂಡು ಮರಿಯಾದರೆ ಬೀಜ ಇಳಿದಿದೆಯಾ ಅಂತಲೂ ಕೆಲವರು ಮುಟ್ಟಿ ನೋಡಬಹುದು, ಅದಕ್ಕೂ ರೂಢಿ ಇರಲಿ. ಕೊನೆಗೆ ಒಂದು ಗರಿಯ ಆಟಿಕೆ ಆಡಿಸಿ, ಅದು ಕಣ್ಣರಳಿಸಿ ನೋಡಿದ ತಕ್ಷಣ ಒಂದು ತುಂಡು ಬೇಯಿಸಿದ ಕೋಳಿ ಕೊಟ್ಟು ಮುಗಿಸಿ. ಮರಿ ಕೊಸರಾಡಲು ಶುರು ಮಾಡುವ ಮೊದಲೇ ನಿಲ್ಲಿಸಬೇಕು, ಕೊಸರಾಡಿದ ಮೇಲೆ ಬಿಟ್ಟರೆ ಕೊಸರಾಡಿದರೆ ಬಿಡುತ್ತಾರೆ ಅನ್ನುವುದನ್ನೇ ಅದು ಕಲಿಯುತ್ತದೆ. ಸಯಾಮೀಸ್, ಓರಿಯಂಟಲ್ ಥರದ ಉದ್ದ ಮೈಯ ಬೆಕ್ಕುಗಳನ್ನು ಜಡ್ಜ್ ಗಾಳಿಯಲ್ಲಿ ಉದ್ದಕ್ಕೆ ಹಿಡಿದು ನೋಡುತ್ತಾರೆ. ಪರ್ಷಿಯನ್ ಅನ್ನು ಹಾಗೆ ಎಳೆದು ಹಿಡಿಯುವ ಅಭ್ಯಾಸ ಮಾಡಿಸಬೇಡಿ, ಅದು ಟೇಬಲ್ ಮೇಲೆ ಗುಂಡಗೆ ಭದ್ರವಾಗಿ ನಿಂತರೆ ಸಾಕು.

ನಿಮ್ಮ ಕೈಗೆ ಒಗ್ಗಿದ ಮೇಲೆ ಬೇರೆಯವರ ಕೈ. ಪಕ್ಕದ ಮನೆ ಆಂಟಿ, ಮನೆಗೆ ಬರುವ ಸ್ನೇಹಿತರು, ದಪ್ಪ ದನಿಯ ಮಾವ, ಸೆಂಟ್ ಹಾಕಿಕೊಂಡವರು, ಗಡ್ಡ ಬಿಟ್ಟವರು, ಎಲ್ಲರಿಗೂ ಕೈ ತೊಳೆಸಿ ಒಂದೆರಡು ನಿಮಿಷ ಎತ್ತಿಕೊಳ್ಳಲು ಹೇಳಿ. ಮನೆಯಲ್ಲಿ ಒಬ್ಬರೇ ಇರುವವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಶೋದಲ್ಲಿ ಮರಿ ಜಡ್ಜ್ ಕೈಗೆ ಪರಚಿದರೆ ಇದು ಹೀಗೆ ಮಾಡುವುದೇ ಇಲ್ಲ ಅಂತ ಆಶ್ಚರ್ಯಪಡುತ್ತಾರೆ. ಕಚ್ಚುವ ಬೆಕ್ಕನ್ನು ಜಡ್ಜ್ ಸ್ಪರ್ಧೆಯಿಂದಲೇ ತೆಗೆಯಬಹುದು.

ಸದ್ದಿನ ಅಭ್ಯಾಸವೂ ಬೇಕು. ಮೈಕ್, ಚಪ್ಪಾಳೆ, ಮಕ್ಕಳ ಕೂಗಾಟ, ಕಬ್ಬಿಣದ ಕೇಜ್ ಬಾಗಿಲು ಬಡಿಯುವ ಸದ್ದು ಶೋ ಹಾಲ್‌ನಲ್ಲಿ ದಿನವಿಡೀ ಇರುತ್ತದೆ. ಮನೆಯಲ್ಲಿ ಮಿಕ್ಸಿ, ಕುಕ್ಕರ್ ಸೀಟಿ ಆಗುವಾಗ ಮರಿಯನ್ನು ಒಳಗೆ ಕೂಡಿಹಾಕಬೇಡಿ, ದೂರದಲ್ಲಿ ಊಟ ಕೊಟ್ಟು ಕೇಳಿಸಲಿ. ಒಂದು ಕೇಜ್ ತಂದು ಬಾಗಿಲು ತೆರೆದೇ ಇಟ್ಟು, ಒಳಗೆ ಹಾಸಿಗೆ, ಊಟದ ಬಟ್ಟಲು ಇಡಿ. ನಿಧಾನವಾಗಿ ಬಾಗಿಲು ಮುಚ್ಚುವ ಸಮಯ ಜಾಸ್ತಿ ಮಾಡಿ. ಕ್ಯಾರಿಯರ್‌ಗೂ ಇದೇ ಕ್ರಮ. ವೆಟ್ ಹತ್ತಿರ ಹೋಗುವಾಗ ಮಾತ್ರ ಕ್ಯಾರಿಯರ್ ಹೊರಗೆ ಬಂದರೆ ಅದನ್ನು ಕಂಡ ಕೂಡಲೇ ಮರಿ ಮಂಚದ ಕೆಳಗೆ ಸೇರುವುದು ಸಹಜ ಅಲ್ವಾ? ಸುಮ್ನೆ ಕಾರಿನಲ್ಲಿ ಒಂದು ಸುತ್ತು ಹೋಗಿ ವಾಪಸ್ ಬಂದು ಊಟ ಕೊಡಿ, ಅಷ್ಟೇ ಸಾಕು.

ಇನ್ನು ಕೂದಲು. ಪರ್ಷಿಯನ್‌ಗೆ ಶೋ ಹಿಂದಿನ ದಿನದ ಒಂದು ಸ್ನಾನದಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಪ್ರತಿದಿನ ಬಾಚಬೇಕು, ವಾರಕ್ಕೊಮ್ಮೆಯಾದರೂ ಸ್ನಾನ ಮಾಡಿಸಬೇಕು. ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆ ಒಂದು ಒಳ್ಳೆಯದು ಇದ್ದರೆ ಬೇರೆ ಬ್ರಶ್ ಹೆಚ್ಚೇನೂ ಬೇಡ. ಸಿಕ್ಕು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯಲ್ಲಿ, ಹಿಂದೊಡೆಯ ಒಳಗಡೆ. ನೀರು ಹಾಕುವ ಮೊದಲೇ ಸಿಕ್ಕು ಬಿಡಿಸಿ, ನೆನೆದ ಮೇಲೆ ಅದು ಇನ್ನೂ ಬಿಗಿಯುತ್ತದೆ. ಕತ್ತರಿ ಹಾಕಬೇಡಿ, ಬೆಕ್ಕಿನ ಚರ್ಮ ತೆಳು, ಸಿಕ್ಕಿನ ಜೊತೆಗೇ ಮೇಲೆದ್ದು ಬಂದು ಕತ್ತರಿಗೆ ಸಿಗುತ್ತದೆ.

ಸ್ನಾನಕ್ಕೆ ಮೊದಲು ಉಗುರು ತೆಗೆಯಿರಿ, ನಾಲ್ಕೂ ಕಾಲಿನದು, ತುದಿಯ ಬಿಳಿ ಭಾಗ ಮಾತ್ರ. ಒಳಗೆ ಕಾಣುವ ಗುಲಾಬಿ ಬಣ್ಣಕ್ಕೆ ತಾಗಿದರೆ ರಕ್ತ ಬರುತ್ತದೆ. ಶೋಗೆ ಉಗುರು ಕತ್ತರಿಸಿಯೇ ಬರಬೇಕು ಅನ್ನುವುದು ಸಿಎಫ್‌ಎ, ಟಿಕಾ ಎರಡರಲ್ಲೂ ನಿಯಮ. ಬೆಕ್ಕಿನ ಮೈ ಬಿಸಿ 38 ಡಿಗ್ರಿ ದಾಟಿರುತ್ತದೆ, ಹಾಗಾಗಿ ನಿಮ್ಮ ಕೈಗೆ ಹಿತವಾಗಿ ಬೆಚ್ಚಗಿರುವ ನೀರೇ ಸರಿ. ಬಾಲದ ಬುಡದಲ್ಲಿ, ಕಿವಿಯ ಹಿಂದೆ ಜಿಡ್ಡು ಸೇರಿರುತ್ತದೆ. ಗಂಡಿನಲ್ಲಿ ಬಾಲದ ಬುಡ ಅಂಟಂಟಾಗುವುದು ಜಾಸ್ತಿ. ಅಲ್ಲಿ ಮೊದಲು ಬೆಕ್ಕಿಗಾಗಿಯೇ ಇರುವ, ಜಿಡ್ಡು ತೆಗೆಯುವ ಶಾಂಪೂ ಹಾಕಿ, ಆಮೇಲೆ ಇಡೀ ಮೈಗೆ ಸಾಮಾನ್ಯ ಕ್ಯಾಟ್ ಶಾಂಪೂ. ಮುಖಕ್ಕೆ ನೀರು ಸುರಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸಾಕು ಅನ್ನಿಸಿದ ಮೇಲೂ ಇನ್ನಷ್ಟು ಹೊತ್ತು ನೀರು ಹಾಯಿಸಿ, ಯಾಕೆಂದರೆ ಉಳಿದ ಶಾಂಪೂ ಇದ್ದರೆ ಕೂದಲು ಒಣಗಿದ ಮೇಲೆ ಎಳೆ ಎಳೆಯಾಗಿ ಅಂಟಿಕೊಂಡು, ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ.

ಒಣಗಿಸುವುದೇ ನಿಜವಾದ ಕೆಲಸ. ಟವೆಲ್‌ನಲ್ಲಿ ಉಜ್ಜದೆ ಒತ್ತಿ ನೀರು ತೆಗೆದು, ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಇಟ್ಟು, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಎತ್ತಿ ಬಾಚುತ್ತಾ, ಒಂದೊಂದೇ ಭಾಗ ಬುಡದವರೆಗೂ ಒಣಗಿಸಬೇಕು. ಹಾಗೇ ಗಾಳಿಗೆ ಬಿಟ್ಟರೆ ಕೂದಲು ಅಲೆ ಅಲೆಯಾಗಿ ಮಲಗಿಬಿಡುತ್ತದೆ. ಮಳೆಗಾಲದಲ್ಲಿ ಬುಡದ ತೇವ ಹಾಗೇ ಉಳಿದರೆ ಚರ್ಮಕ್ಕೂ ಒಳ್ಳೆಯದಲ್ಲ. ಡ್ರೈಯರ್ ಸದ್ದಿಗೆ ಮರಿಯನ್ನು ವಾರಗಳ ಮೊದಲೇ ಒಗ್ಗಿಸಿರಿ, ಬೇರೆ ಕೋಣೆಯಲ್ಲಿ ಆನ್ ಮಾಡಿ ಶುರು ಮಾಡಬಹುದು. ಪರ್ಷಿಯನ್‌ಗೆ ಕೊನೆಯ ಸ್ನಾನ ಶೋ ಹಿಂದಿನ ದಿನ ಮಾಡಿಸಿದರೆ ಸರಿ. ಗಿಡ್ಡ ಕೂದಲಿನ ತಳಿಗೆ ಕೆಲವು ದಿನ ಮೊದಲೇ ಮಾಡಿಸಿ, ಕೂದಲು ಮತ್ತೆ ಮೈಗೆ ಅಂಟಿ ಕೂರಲು ಸಮಯ ಬೇಕು. ಮನೆಯಲ್ಲಿ ಪೌಡರ್ ಹಾಕಿ ಬಾಚಿದರೆ ಪೂರ್ತಿ ಉದುರಿಸಿಬಿಡಿ, ಜಡ್ಜ್ ಕೈಗೆ ಪೌಡರ್ ಹತ್ತಬಾರದು. ಬಣ್ಣ ಹಚ್ಚುವುದಂತೂ ಮೋಸ. ಕಣ್ಣೀರಿನ ಕಂದು ಕಲೆಯನ್ನು ದಿನಕ್ಕೆ ಎರಡು ಸಲ ಆರಿದ ಬಿಸಿನೀರಿನ ಹತ್ತಿಯಿಂದ ಒರೆಸುತ್ತಾ ಬಂದರೆ ಶೋ ಹೊತ್ತಿಗೆ ಮುಖ ಶುಭ್ರವಾಗಿರುತ್ತದೆ.

ಶೋ ದಿನ ಬೆಳಗ್ಗೆ ಊಟ ಸ್ವಲ್ಪ ಕಡಿಮೆ ಕೊಡಿ. ಚಪ್ಪಟೆ ಮೂಗಿನ ಬೆಕ್ಕಿಗೆ ಸೆಕೆ ತಡೆಯುವುದಿಲ್ಲ, ಎಸಿ ಇರುವ ಗಾಡಿ ಮಾಡಿಕೊಳ್ಳಿ, ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬರುವವರು ಹಿಂದಿನ ದಿನವೇ ಬಂದು ಉಳಿದುಕೊಳ್ಳುವುದು ವಾಸಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಲಕ್ಷಣ. ನಿದ್ದೆ ಬರಿಸುವ ಔಷಧ ಕೊಟ್ಟು ಕರೆತರಬೇಡಿ. ಚೀಲದಲ್ಲಿ ಲಸಿಕೆ ಪುಸ್ತಕ, ವಂಶಾವಳಿ ಪತ್ರ, ಮನೆಯ ನೀರು, ದಿನಾ ತಿನ್ನುವ ಊಟ, ಚಿಕ್ಕ ಲಿಟರ್ ಟ್ರೇ, ಬಾಚಣಿಗೆ, ಟಿಶ್ಯೂ, ಕೇಜ್ ಒಳಗೆ ಮೂರು ಕಡೆ ಕಟ್ಟಲು ಬಟ್ಟೆ, ಕ್ಲಿಪ್. ಆ ಬಟ್ಟೆಗೆ ಹಿಂದಿನ ಕೆಲವು ರಾತ್ರಿ ಮರಿ ಮಲಗಿದ ವಾಸನೆ ಇದ್ದರೆ ಒಳ್ಳೆಯದು. ಕೇಜ್ ಒರೆಸಲು ಫಿನಾಯಿಲ್ ಒಯ್ಯಬೇಡಿ, ಅದು ಬೆಕ್ಕಿಗೆ ವಿಷ.

ಹಾಲ್‌ನಲ್ಲಿ ನಿಮ್ಮ ನಂಬರ್ ಕೂಗುವುದನ್ನು ಕಿವಿಗೊಟ್ಟು ಕೇಳುತ್ತಿರಿ. ಮೂರು ಸಲ ಕೂಗಿದರೂ ಹೋಗದಿದ್ದರೆ ಬರಲಿಲ್ಲ ಅಂತ ಗುರುತು ಹಾಕುತ್ತಾರೆ. ಮರಿಯನ್ನು ರಿಂಗ್‌ನ, ಅಂದರೆ ಒಬ್ಬೊಬ್ಬ ಜಡ್ಜ್ ಬೆಕ್ಕು ನೋಡುವ ಜಾಗದ ಕೇಜ್‌ಗೆ ಬಿಟ್ಟು, ನೀವು ಹಿಂದೆ ಬಂದು ಸುಮ್ಮನೆ ಕೂರಿ. ಜಡ್ಜ್ ಹತ್ತಿರ ನಿಮ್ಮ ಬೆಕ್ಕಿನ ಹೆಸರು, ಹಿಂದಿನ ಗೆಲುವು ಏನೂ ಹೇಳುವಂತಿಲ್ಲ. ಒಂದೊಂದು ರಿಂಗಿನ ಜಡ್ಜ್‌ದು ಒಂದೊಂದು ತೀರ್ಪು. ಒಬ್ಬರು ಮೊದಲ ಸ್ಥಾನ ಕೊಟ್ಟ ಮರಿಯನ್ನು ಪಕ್ಕದ ರಿಂಗಿನವರು ಫೈನಲ್‌ಗೂ ಕರೆಯದೆ ಇರಬಹುದು, ಅದಕ್ಕೆ ಜಗಳ ಬೇಡ. ಎಷ್ಟೋ ಜಡ್ಜ್‌ಗಳು ಬೆಕ್ಕನ್ನು ಹಿಡಿದು ನೋಡುತ್ತಾ ಅದರ ಗುಣ ದೋಷಗಳನ್ನು ಜೋರಾಗಿಯೇ ಹೇಳುತ್ತಾರೆ. ಅದನ್ನು ಫೋನಿನಲ್ಲಿ ಬರೆದುಕೊಳ್ಳಿ. ರಿಬ್ಬನ್‌ಗಿಂತ ಅದು ಮುಂದಕ್ಕೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನೋಡಲು ಬಂದವರು ಪಾಪ ಪ್ರೀತಿಯಿಂದಲೇ ಕೈ ಚಾಚುತ್ತಾರೆ, ಆದರೂ ಮುಟ್ಟಲು ಬಿಡಬೇಡಿ, ಅವರು ಹತ್ತು ಬೆಕ್ಕು ಮುಟ್ಟಿ ಬಂದಿರುತ್ತಾರೆ. ಯಾರಾದರೂ 'ಕ್ಯಾಟ್ ಔಟ್' ಅಂತ ಕೂಗಿದರೆ ಬೆಕ್ಕೊಂದು ತಪ್ಪಿಸಿಕೊಂಡಿದೆ ಅಂತ ಅರ್ಥ. ಹತ್ತಿರದ ಬಾಗಿಲು ಮುಚ್ಚಿ, ಓಡದೆ ನಿಂತಲ್ಲೇ ನಿಲ್ಲಿ.

ಮರಿ ಕೇಜ್ ಮೂಲೆಯಲ್ಲಿ ನಡುಗುತ್ತಾ ಕೂತು, ಗಂಟೆಗಟ್ಟಲೆ ನೀರೂ ಮುಟ್ಟದೆ ಇದ್ದರೆ, ಉಳಿದ ರಿಂಗ್ ಬಿಟ್ಟು ಮನೆಗೆ ಹೋಗಿ. ಕಟ್ಟಿದ ದುಡ್ಡು ಹೋದರೆ ಹೋಗಲಿ. ಕೆಲವು ಬೆಕ್ಕಿಗೆ ಶೋ ಒಗ್ಗುವುದೇ ಇಲ್ಲ, ಅದರಲ್ಲಿ ಅದರ ತಪ್ಪು ಏನೂ ಇಲ್ಲ.

ಮನೆಗೆ ಬಂದ ಮೇಲೆ ನೀವು ಬಟ್ಟೆ ಬದಲಾಯಿಸಿ, ಕೈಕಾಲು ತೊಳೆದುಕೊಂಡು ಉಳಿದ ಬೆಕ್ಕುಗಳನ್ನು ಮುಟ್ಟಿ. ಶೋಗೆ ಹೋದ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲು, ಬೇರೆ ಟ್ರೇ ಕೊಟ್ಟು ಇಡಿ. ಹರ್ಪಿಸ್ ಹತ್ತಿದ್ದರೆ ಒಂದು ವಾರದೊಳಗೆ ಸೀನು, ಕಣ್ಣಲ್ಲಿ ನೀರು ಕಾಣಿಸುತ್ತದೆ. ಹುಳುಕಡ್ಡಿ ಗೊತ್ತಾಗಲು ಮೂರು ವಾರವೂ ಆಗಬಹುದು, ಹಾಗಾಗಿ ಬಾಚುವಾಗ ಚರ್ಮ ನೋಡುವುದನ್ನು ಮುಂದುವರಿಸಿ. ಸೀನು ಶುರುವಾದರೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತರಬೇಡಿ, ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು. ನೇರ ವೆಟ್ ಹತ್ತಿರ ಹೋಗಿ, ಶೋಗೆ ಹೋಗಿ ಬಂದಿದ್ದೇವೆ ಅಂತ ಮೊದಲೇ ಹೇಳಿ.